ವಿಂಡ್ಸರ್‌ನಿಂದ ಸೆಸಿಲ್ ಕೋರ್ಟ್‌ಗೆ: ಲಿಯೊನಾರ್ಡೊನ ಅಚ್ಚುಗಳ ಬೆನ್ನುಹತ್ತಿ

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವಿಂಡ್ಸರ್‌ಗೆ ನೇರ ರೈಲಿದೆ, ಸುಮಾರು ಒಂದು ಗಂಟೆಯ ದಾರಿ. ಲಿಯೊನಾರ್ಡೊ ಡ ವಿಂಚಿ ಹೆಣ ಕೊಯ್ದು ನೋಡಿ ಬರೆದ ಅಂಗರಚನೆಯ ಚಿತ್ರಗಳು ಇಲ್ಲಿನ ರಾಜಸಂಗ್ರಹದಲ್ಲಿವೆ. ಬೆಳಕಿಗೆ ಕಾಗದ ಸೊರಗುವುದರಿಂದ ಅವನ್ನು ಸದಾ ಪ್ರದರ್ಶನಕ್ಕಿಡುವುದಿಲ್ಲ; ವಿಚಾರಿಸಿಕೊಂಡೇ ಹೊರಡಬೇಕು. ಸಂಗ್ರಾಹಕರಿಗೆ ದಕ್ಕುವುದು ಅವನ್ನು ನೋಡಿ ತಾಮ್ರದ ಫಲಕದಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಅಚ್ಚುಗಳು ಮಾತ್ರ: 17ನೇ ಶತಮಾನದ ಕೆತ್ತುಗಾರ ವೆನ್ಸೆಸ್ಲಾಸ್ ಹೊಲಾರ್‌ನವು, 1796ರಲ್ಲಿ ಜಾನ್ ಚೇಂಬರ್ಲೇನ್ ಹೊರತಂದ, ಕೆತ್ತುಗಾರ ಬಾರ್ಟೊಲೊಜಿಯವು.

ಮರುದಿನ ಬ್ರಿಟಿಷ್ ಮ್ಯೂಸಿಯಂನ ಅಚ್ಚುಗಳ ಅಧ್ಯಯನ ಕೊಠಡಿ. ಮೊದಲೇ ಸಮಯ ಗೊತ್ತುಮಾಡಿಕೊಂಡರೆ ಕೇಳಿದ ಹಾಳೆಯನ್ನು ಮೇಜಿಗೇ ತಂದುಕೊಡುತ್ತಾರೆ. ಬರೆದುಕೊಳ್ಳಲು ಪೆನ್ಸಿಲ್ ಮಾತ್ರ. ಕೊಳ್ಳುವ ಮುಂಚೆ ಇಲ್ಲಿ ಅರ್ಧ ದಿನ ಕಳೆಯಲೇಬೇಕು. ಒಳ್ಳೆಯ ಪ್ರತಿಯ ಗೆರೆ ಎಷ್ಟು ಕಪ್ಪಗೆ, ಎಷ್ಟು ಚೂಪಾಗಿರುತ್ತದೆಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲಿ. ಫಲಕ ಸವೆದ ಮೇಲೆ ತೆಗೆದ ಪ್ರತಿಗಳಲ್ಲಿ ಮೊದಲು ಮಾಯವಾಗುವುದು ನವಿರಾದ ನೆರಳುಗೆರೆಗಳು.

ಲೆಸ್ಟರ್ ಸ್ಕ್ವೇರ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಸೆಸಿಲ್ ಕೋರ್ಟ್, ಹಳೆ ಪುಸ್ತಕ ಮತ್ತು ಅಚ್ಚುಗಳ ಅಂಗಡಿಗಳ ಓಣಿ. ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿ ಕೈಯಲ್ಲಿರಲಿ. ಬಾರ್ಟೊಲೊಜಿ ಹೆಸರಾದದ್ದು ಚುಕ್ಕಿ ಕೆತ್ತನೆಗೆ, ಅಂದರೆ ಗೆರೆಯ ಬದಲು ಚುಕ್ಕಿಗಳಿಂದ ನೆರಳು ಮೂಡಿಸುವುದಕ್ಕೆ; ಆ ಚುಕ್ಕಿಗಳು ಒಂದೊಂದೂ ಒಂದೊಂದು ಗಾತ್ರ. ಇಂದಿನ ಯಂತ್ರದಲ್ಲಿ ಮುದ್ರಿಸಿದ ಆಫ್‌ಸೆಟ್ ನಕಲಿನಲ್ಲಿ ಅವು ಜಾಲರಿಯಂತೆ ಸಾಲಾಗಿರುತ್ತವೆ. ಚಿತ್ರದ ಸುತ್ತ ಫಲಕ ಒತ್ತಿದ ತಗ್ಗು ಬೆರಳಿಗೆ ಸಿಗಬೇಕು. ಅಂಚು ಕತ್ತರಿಸಿ ಅದನ್ನೇ ತೆಗೆದುಹಾಕಿದ್ದರೆ ಬೆಲೆ ಇಳಿಯುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ: ಅಂಗಡಿಯ ಚೀಟಿಯಲ್ಲಿ 1796, ವಾಟರ್‌ಮಾರ್ಕಿನಲ್ಲಿ 1811 ಎಂದಿದ್ದರೆ ಅದು ತಡವಾಗಿ ತೆಗೆದ ಪ್ರತಿ.

ಎಡಬಲವನ್ನೂ ನೋಡಬೇಕು. ಚಿತ್ರವನ್ನು ಇದ್ದಂತೆಯೇ ಫಲಕಕ್ಕೆ ಇಳಿಸಿದರೆ ಅಚ್ಚಿನಲ್ಲಿ ಅದು ತಿರುಗುಮುರುಗು: ಯಕೃತ್ತು ದೇಹದ ಎಡಬದಿಗೆ ಹೋಗುತ್ತದೆ, ಲಿಯೊನಾರ್ಡೊನ ಕನ್ನಡಿ ಬರಹ ನೇರವಾಗಿ ಓದಿಸಿಕೊಳ್ಳುತ್ತದೆ! ಇದು ನಕಲಿಯ ಗುರುತಲ್ಲ, ಕೆತ್ತುಗಾರ ಕೆಲಸ ಮಾಡಿದ ರೀತಿ. ಇಂಥ ಹಾಳೆಯನ್ನು ಬಿಟ್ಟುಬರಬೇಡಿ.

ಕೊಂಡದ್ದನ್ನು ಕೊಳವೆಯಲ್ಲಿ ಸುತ್ತಬಾರದು, ಹಳೆಯ ಮಡಿಕೆ ಸೀಳುತ್ತದೆ. ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ ತನ್ನಿ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಕಂದು ಚುಕ್ಕೆ ಏಳುತ್ತದೆ. ಹೊರಗೋಡೆಗೆ ತೂಗುಹಾಕದೆ, ಆಮ್ಲವಿಲ್ಲದ ಹತ್ತಿಯ ರಟ್ಟಿನಲ್ಲಿಡಿ. ಅಂಟಿಸಲು ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು. ಸೆಲೋಟೇಪ್ ಬಿಟ್ಟ ಹಳದಿ ಕಲೆಯನ್ನು ತೆಗೆಸುವುದು ಬಲು ಕಷ್ಟ.