ಕಾವಲಿಲ್ಲದ ಜೋಶುವಾ ಟ್ರೀ

2019ರ ಜನವರಿ ಮೊದಲ ವಾರ. ಮೆಕ್ಸಿಕೋ ಗಡಿಗೋಡೆಗೆ ಹಣ ಕೊಡುವ ವಿಚಾರದ ಜಗಳದಿಂದ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಅಮೆರಿಕದ ಹಲವು ಕೇಂದ್ರ ಇಲಾಖೆಗಳು ಡಿಸೆಂಬರ್ 22ರಿಂದಲೇ ಸ್ಥಗಿತಗೊಂಡಿದ್ದವು. ಚಳ್ಳಕೆರೆಯಿಂದ ಬಂದಿದ್ದ ಭಾವನವರು ಊರಿಗೆ ಹೊರಡುವ ದಿನ ಹತ್ತಿರವಿತ್ತು. ಮರುಭೂಮಿ ತೋರಿಸುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದರಿಂದ ಲಾಸ್ ಏಂಜಲೀಸ್‌ನಿಂದ ಬೆಳಗ್ಗೆಯೇ ಹೊರಟು ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು.

ಪ್ರವೇಶದ್ವಾರದ ಗೂಡಿನಲ್ಲಿ ಯಾರೂ ಇರಲಿಲ್ಲ. "ಟಿಕೆಟ್ ಕೇಳುವವರೇ ಇಲ್ಲವಲ್ಲ!" ಎಂದು ಭಾವ ಅಚ್ಚರಿಪಟ್ಟರು. 2013ರ ಸ್ಥಗಿತದಲ್ಲಿ ಉದ್ಯಾನಗಳನ್ನು ಮುಚ್ಚಿದ್ದರು. ಈ ಸಲ ಸಿಬ್ಬಂದಿಯನ್ನು ಮನೆಗೆ ಕಳುಹಿಸಿ, ದಾರಿಯನ್ನು ಮಾತ್ರ ತೆರೆದಿಟ್ಟಿದ್ದರು. ಎರಡರಲ್ಲಿ ಇದೇ ಕೆಟ್ಟದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಳಗೆ ವಾಹನಗಳು ಸಾಲುಗಟ್ಟಿದ್ದವು. ಶೌಚಗುಂಡಿಗಳು ತುಂಬುತ್ತಿದ್ದುದರಿಂದ ಶಿಬಿರ ತಾಣಗಳನ್ನು ಆಗಲೇ ಮುಚ್ಚಿದ್ದರು. ಹಿಡನ್ ವ್ಯಾಲಿಯ ಬಳಿ ಶೌಚಾಲಯವೊಂದರಿಂದ ನಡುವಯಸ್ಸಿನ ಮಹಿಳೆಯೊಬ್ಬರು ಹೊರಬಂದರು. ಮೊಣಕೈವರೆಗೆ ಕೈಗವಸು, ಒಂದು ಕೈಯಲ್ಲಿ ಬಕೆಟ್ಟು. ನೌಕರರೇನಲ್ಲ, ಪಕ್ಕದ ಊರಿನವರು. ಬಂಡೆ ಹತ್ತುವವರು, ಅಂಗಡಿಯವರು ಸೇರಿಕೊಂಡು ದಿನವೂ ಬಂದು ತೊಳೆಯುತ್ತಿದ್ದರಂತೆ. ಕಾಗದದ ಸುರುಳಿಗಳಿಗೂ ತಮ್ಮದೇ ಹಣ. ಭಾವ ಏನೂ ಕೇಳದೆ ಅವರ ಬಳಿಯಿದ್ದ ಕಸದ ಚೀಲಗಳಲ್ಲಿ ಒಂದನ್ನು ಇಸಿದುಕೊಂಡರು. ಮಧ್ಯಾಹ್ನದವರೆಗೆ ನಾವು ಕಾಲುದಾರಿಯಲ್ಲಿ ನಡೆದದ್ದು ಕಸ ಹೆಕ್ಕುತ್ತಲೇ. ಬಾಟಲಿ, ಕಿತ್ತಳೆ ಸಿಪ್ಪೆ, ಮಗುವಿನ ಡೈಪರ್ ಕೂಡ.

ಕಸವನ್ನಾದರೂ ಎತ್ತಬಹುದು. ರಸ್ತೆ ಬಿಟ್ಟು ಪೊದೆಗಳ ನಡುವೆ ನುಗ್ಗಿದ್ದ ಚಕ್ರದ ಗುರುತುಗಳನ್ನು ಕಂಡಾಗ ಮಾತ್ರ ನನಗೆ ನಿಜವಾಗಿ ಸಂಕಟವಾಯಿತು. ಅಲ್ಲಿಯ ಮಣ್ಣಿನ ಮೇಲೆ ಸೂಕ್ಷ್ಮಜೀವಿಗಳು, ಕಲ್ಲುಹೂವುಗಳು ಸೇರಿ ಕಟ್ಟಿದ ತೆಳುವಾದ ಜೀವಂತ ಹೊರಪದರವಿರುತ್ತದೆ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು ಅದೇ. ಒಮ್ಮೆ ಒಡೆದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಭಾವ ಕುಕ್ಕರುಗಾಲಿನಲ್ಲಿ ಕುಳಿತು ಆ ಗುರುತನ್ನು ಮುಟ್ಟಿ ನೋಡಿದರು. "ಇಲ್ಲಿ ಮಳೆ ಎಷ್ಟಪ್ಪ?" ವರ್ಷಕ್ಕೆ ನಾಲ್ಕೈದು ಇಂಚು ಎಂದೆ. "ಹಾಗಾದರೆ ಇದು ಬೇಗ ಮಾಯುವ ಗಾಯವಲ್ಲ." ಒಣಭೂಮಿಯಲ್ಲಿ ಬೇಸಾಯ ಮಾಡಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ನಾವು ಮರಳಿದ ಮೇಲೆ, ಕೆಲವರು ವಾಹನ ಓಡಿಸಲು ಜೋಶುವಾ ಮರಗಳನ್ನೇ ಕಡಿದ ಸುದ್ದಿ ಬಂತು. ವರ್ಷಕ್ಕೆ ಎರಡು ಮೂರು ಇಂಚು ಬೆಳೆದರೆ ಹೆಚ್ಚು ಎನ್ನುವ ಮರಗಳವು. ಜನವರಿ 10ರಿಂದ ಉದ್ಯಾನವನ್ನೇ ಮುಚ್ಚುವುದಾಗಿ ಹೇಳಿದ ಅಧಿಕಾರಿಗಳು, ಪ್ರವೇಶ ಶುಲ್ಕದ ಉಳಿಕೆ ಹಣದಿಂದ ಕೆಲವು ಸಿಬ್ಬಂದಿಯನ್ನು ಕರೆಸಿ ಆ ನಿರ್ಧಾರವನ್ನು ಕೈಬಿಟ್ಟರು. ಆ ಹಣವನ್ನು ಹಾಗೆ ಬಳಸಿದ್ದು ಕಾನೂನುಬಾಹಿರವೆಂದು ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಅದೇ ವರ್ಷ ತೀರ್ಮಾನಿಸಿತು. ಸ್ಥಗಿತ ಮುಗಿಯುವಷ್ಟರಲ್ಲಿ 35 ದಿನ ಕಳೆದಿದ್ದವು.

2025ರ ಅಕ್ಟೋಬರ್‌ನಲ್ಲಿ ಸರ್ಕಾರದ ಕೆಲಸ ಮತ್ತೆ ಸ್ಥಗಿತಗೊಂಡಾಗ ಗೆಳೆಯರೊಬ್ಬರು ಫೋನ್ ಮಾಡಿ, ಗೇಟಿನಲ್ಲಿ ಯಾರೂ ಇರುವುದಿಲ್ಲವಂತೆ, ಹೋಗೋಣವೇ ಎಂದು ಕೇಳಿದರು. ಸಿಬ್ಬಂದಿ ಕೆಲಸಕ್ಕೆ ಮರಳಲಿ, ಶುಲ್ಕ ಕೊಟ್ಟೇ ಹೋಗೋಣ ಎಂದೆ. ಅವರೂ ಒಪ್ಪಿದರು.