ಚಾರ್ಲ್‌ಸ್ಟನ್‌ನ ಹಳೇ ಮನೆಗಳು
ಇವತ್ತು ಅಮೆರಿಕದ ಚಾರ್ಲ್‌ಸ್ಟನ್‌ ಊರಿನ ಹಳೇ ಬೀದಿಗಳಲ್ಲಿ ಸಂಜೆವರೆಗೂ ಸುಮ್ನೆ ಅಲೆದೆ. ಒಂದೇ ಕೋಣೆಯಷ್ಟು ಅಗಲದ ಮನೆಗಳು, ಗಾಳಿಗೆ ಅಂತ ಪಕ್ಕದಲ್ಲಿ ಉದ್ದಕ್ಕೂ ಜಗಲಿ, ಬೀದಿ ಬಾಗಿಲು ತೆಗೆದರೆ ಮೊದಲು ಸಿಗೋದೇ ಆ ಜಗಲಿ. ಎಷ್ಟು ಚೆಂದ! ಒಂದು ಗೋಡೆಯಲ್ಲಿ ಕಬ್ಬಿಣದ ಬಿಲ್ಲೆ ಇತ್ತು. 1886ರ ಭೂಕಂಪದ ನಂತರ ಗೋಡೆ ಬಿಗಿಯಲು ಹಾಕಿದ ಸರಳಿನ ತುದಿ ಅದು. ಮುಟ್ಟಿದೆ, ಬಿಸಿಲಿಗೆ ಕಾದಿತ್ತು.

ಅದರ ಪಕ್ಕದಲ್ಲೇ ಇಟ್ಟಿಗೆ ಸಂದಿಗೆ ಯಾರೋ ಸಿಮೆಂಟ್ ತುಂಬಿದ್ದಾರೆ, ಇಟ್ಟಿಗೆ ಪುಡಿಪುಡಿಯಾಗಿ ಉದುರುತ್ತಿದೆ. ಹಳೇ ಮೆದು ಇಟ್ಟಿಗೆಗೆ ಸುಣ್ಣದ ಗಾರೆಯೇ ಬೇಕು, ಒಳಗಿನ ತೇವ ಹೊರಗೆ ಹೋಗಬೇಕಲ್ವಾ? ಗೆದ್ದಲು, ಉಪ್ಪುಗಾಳಿಯ ಕಾಟವೇ ಜಾಸ್ತಿ, ಅದರ ಮೇಲೆ ಇದು ಬೇರೆ. ಇಲ್ಲಿನ ಎಷ್ಟೋ ಇಟ್ಟಿಗೆಗಳನ್ನು ಮಾಡಿದವರು ಗುಲಾಮರಾಗಿದ್ದ ಜನ. ಕೆಲವದರಲ್ಲಿ ಅವರ ಬೆರಳ ಗುರುತು ಇನ್ನೂ ಇದೆ. ಅದು ಉದುರಿಹೋಗೋದನ್ನು ನೋಡೋಕೆ ಹೊಟ್ಟೆ ಉರಿಯುತ್ತೆ.