ರೆಕ್ಕೆ ಬುಡದ ಮುಕ್ಕಾಲು ಮಿಲಿಮೀಟರ್

ಕೊನೆಗೂ ನನ್ನ ಪ್ಲಾಸ್ಟಿಕ್ ಮಾಡೆಲ್ ವಿಮಾನದ ರೆಕ್ಕೆ ಬುಡದ ಸಂದು ಮುಚ್ಚಿತು! ಸಂದು ತುಂಬುವ ಪುಟ್ಟಿ ಚೂರೂ ಬೇಕಾಗಲಿಲ್ಲ. ಹಾಗಾಗಿ ಈ ಕಿಟ್ ಬಗ್ಗೆ ನಾನು ಬರೆದಿಟ್ಟಿದ್ದ ರಿವ್ಯೂವನ್ನು ಮತ್ತೆ ಮೊದಲಿಂದ ಬರೆಯಬೇಕು.

ಕಿಟ್ 1/72 ಸ್ಕೇಲಿನ ಸ್ಪಿಟ್‌ಫೈರ್ ಮಾರ್ಕ್ 1, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಕಾಕ್‌ಪಿಟ್, ಬಣ್ಣ, ಡೆಕಾಲ್ (ಮೈಮೇಲೆ ಅಂಟಿಸುವ ಗುರುತುಗಳು) ಎಲ್ಲ ಸಲೀಸಾಗಿ ಆಯಿತು. ಅಳತೆಯೂ ಸರಿ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್, 72ರಿಂದ ಭಾಗಿಸಿದರೆ 156 ಮಿ.ಮೀ. ಅಡಿಪಟ್ಟಿ ಇಟ್ಟರೆ ಅಷ್ಟೇ ಬಂತು.

ಕಾಡಿದ್ದು ರೆಕ್ಕೆಯ ಬುಡ. ಮೈಗೂ ರೆಕ್ಕೆಗೂ ನಡುವೆ ಮೇಲ್ಗಡೆ ಎರಡೂ ಬದಿಯಲ್ಲಿ ಸಂದು. 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಚೂರು ಮೂರು ಜೋಡಿಸಿ ತೂರಿಸಿದೆ, ಬಿಗಿಯಾಗಿ ಕೂತವು. ಅಂದರೆ 0.75 ಮಿ.ಮೀ. ಪುಟ್ಟಿ ಹಾಕಿ ಉಜ್ಜಿದೆ, ಪಕ್ಕದ ಪ್ಯಾನೆಲ್ ಗೆರೆಗಳೆಲ್ಲ (ಹೊರ ತಗಡುಗಳ ಜೋಡಣೆ ತೋರಿಸುವ ಸಣ್ಣ ಗೀರುಗಳು) ಮಾಯವಾದವು. ಆ ಸಿಟ್ಟಿನಲ್ಲೇ ‘ಫಿಟ್ ಚೆನ್ನಾಗಿಲ್ಲ’ ಎಂದು ಬರೆದಿಟ್ಟೆ.

ಆ ಮಾತಿನಿಂದ ಓದುವವರಿಗೆ ಏನು ಸಿಕ್ಕಂತಾಯಿತು? ಎಲ್ಲಿ, ಎಷ್ಟು, ಯಾಕೆ ಅಂತ ಹೇಳದೆ ಸುಮ್ನೆ ದೂರಿದರೆ ಯಾರ ಕೆಲಸವೂ ಹಗುರವಾಗುವುದಿಲ್ಲ ಅಲ್ವಾ? ಅದಕ್ಕೇ ಅದೇ ಕಿಟ್ ಇನ್ನೊಂದು ತರಿಸಿದೆ.

ಮಾರಿದವರು ಅದನ್ನು ಎಷ್ಟು ಸಡಿಲವಾಗಿ ಕಟ್ಟಿ ಕಳಿಸಿದ್ದರೆಂದರೆ ಡಬ್ಬಿಯ ಮೂಲೆ ಜಜ್ಜಿಹೋಗಿತ್ತು. ಅದು ಕಿಟ್‌ನ ತಪ್ಪಲ್ಲ, ರಿವ್ಯೂನಲ್ಲಿ ಬರೆಯುವುದಿಲ್ಲ. ಆದರೆ ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನಪಿಗೆ ಗೀರು ಬಿದ್ದಿದ್ದನ್ನು ಬರೆಯುತ್ತೇನೆ. ಪಾರದರ್ಶಕ ಭಾಗಗಳನ್ನೂ ಬೂದು ಸ್ಪ್ರೂಗಳನ್ನೂ (ಉಳಿದ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳು) ತಯಾರಕರೇ ಒಂದೇ ಚೀಲಕ್ಕೆ ತುಂಬಿದ್ದಾರೆ!

ಈ ಸಲ ಅಂಟು ಹಾಕದೆ ಬರೀ ಟೇಪಿನಲ್ಲಿ ಜೋಡಿಸಿ ನೋಡಿದೆ. ಸಂದೇ ಇಲ್ಲ! ಅಲ್ಲಿಗೆ ಅಚ್ಚು ಸರಿ ಇದೆ. ತಪ್ಪು ಜೋಡಿಸುವ ಕ್ರಮದಲ್ಲಿತ್ತು. ರೆಕ್ಕೆಯ ಮೇಲಿನ ಎರಡು ಭಾಗಗಳನ್ನು ಕೆಳಗಿನ ಉದ್ದ ತುಂಡಿಗೆ ಮೊದಲೇ ಅಂಟಿಸಿ ಅಂತ ಸೂಚನಾ ಹಾಳೆ ಹೇಳುತ್ತದೆ. ನಾನು ಹಾಗೇ ಮಾಡಿ ಮೇಜಿನ ಮೇಲೆ ಒಣಗಲು ಇಟ್ಟಿದ್ದೆ. ರೆಕ್ಕೆ ಚಪ್ಪಟೆಯಾಗಿ ಗಟ್ಟಿಯಾಯಿತು, ಡೈಹೆಡ್ರಲ್, ಅಂದರೆ ತುದಿಗಳು ಮೇಲಕ್ಕೆ ಎದ್ದಿರುವ ಓರೆ, ಹೋಯಿತು. ತುದಿಗಳು ಕೆಳಗಿಳಿದಷ್ಟೂ ಮೇಲ್ಗಡೆ ಬುಡ ಬಾಯಿ ಬಿಡುತ್ತದೆ.

ಎರಡನೆಯದರಲ್ಲಿ ಕ್ರಮ ತಿರುಗಿಸಿದೆ. ಮೊದಲು ಮೇಲಿನ ಭಾಗಗಳನ್ನು ಮೈಗೆ ಅಂಟಿಸಿದೆ, ಬುಡ ಕೂಡಿಕೊಂಡಿತು. ಕೆಳಗಿನ ತುಂಡನ್ನು ಆಮೇಲೆ ಕೂರಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಬೆನ್ನ ಮೇಲಿಂದ ಟೇಪ್ ಬಿಗಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಟೇಪ್ ಬಿಚ್ಚಿದಾಗ ಆದ ಖುಷಿ ಹೇಳತೀರದು.

ಮುಂದಿನದು 1/72 ಮಿಗ್-21. ರೆಕ್ಕೆಯಗಲ 7.15 ಮೀಟರ್, ಮಾಡೆಲ್‌ನಲ್ಲಿ ಬರೀ 99 ಮಿ.ಮೀ. ಮೂಗಿನೊಳಗೆ ತೂಕ ಇಡದಿದ್ದರೆ ಬಾಲದ ಮೇಲೆ ಕೂತುಬಿಡುವ ಭಯ. ‘ತೂಕ ಹಾಕಿ’ ಅಂತ ಬರೆದರೆ ಸಾಲದು. ಎಷ್ಟು ಗ್ರಾಂ ಹಿಡಿಯಿತು, ಮೂಗಿನ ಕೋನ್‌ನಲ್ಲಿ ಜಾಗ ಸಾಕಾಯಿತಾ ಅಂತ ಈ ಸಲ ತೂಗಿಯೇ ಬರೆಯುತ್ತೇನೆ.

ಅದಕ್ಕೆ ಮೊದಲು ಸ್ಪಿಟ್‌ಫೈರ್ ರಿವ್ಯೂ ಮುಗಿಯಬೇಕು. ರೆಕ್ಕೆಯ ಹಿಂದಿನ ಅಂಚು ಮೈಯ ಅಡಿಗೆ ಸೇರುವ ಕಡೆ ಸಣ್ಣ ಮೆಟ್ಟಿಲೊಂದು ಕೈಗೆ ತಾಗುತ್ತಿದೆ. ಇದು ಕ್ರಮ ಬದಲಿಸಿದ್ದರಿಂದ ಬಂದಿದ್ದೋ, ಅಚ್ಚಿನಲ್ಲೇ ಇದೆಯೋ? ಮೊದಲ ಮಾಡೆಲ್ ತಿರುಗಿಸಿ ಇವತ್ತು ರಾತ್ರಿ ಅಳೆಯುತ್ತೇನೆ.